ಕಪ್ಪು ಚಕ್ರಗಳು

ಮಾರ್ಚ್ ೧೪, ಗುರುವಾರ

ನಿದ್ದೆ ಹತ್ತುತ್ತಿಲ್ಲ. ಮಗಳ ಹಳೇ ಸ್ಪೋರ್ಟ್ಸ್ ಕಾರಿಗೆ ಚಕ್ರ ನೋಡಲು ಹೋಗಿದ್ದೆವು. ಅಗ್ಗದ ಕಪ್ಪು ಅಲಾಯ್ ಚಕ್ರ ಕಂಡದ್ದೇ ತಡ, ಕರುವಿನ ಮೈ ಸವರುವ ಹಾಗೆ ಸವರುತ್ತಾ ಕೂತುಬಿಟ್ಟಳು. ನಾನು ಚಕ್ರದ ಒಳಮೈಯೆಲ್ಲ ತಡಕಿದೆ. ಎಷ್ಟು ಭಾರ ತಡೆಯುತ್ತದೆ ಎಂದು ಒತ್ತಿದ ಅಚ್ಚು ಎಲ್ಲೂ ಇಲ್ಲ.

"ಅಚ್ಚು ಯಾಕೆ ಯಜಮಾನ್ರೇ? ಇವತ್ತಿನವರೆಗೂ ಒಬ್ಬರೂ ವಾಪಸ್ ತಂದಿಲ್ಲ," ಅಂದ ಅಂಗಡಿಯವನು.

ಆ ಮಾತೇ ತಲೆ ಕೊರೆಯುತ್ತಿದೆ. ತಿರುವಿನಲ್ಲಿ ಚಕ್ರ ಸೀಳಿಹೋದರೆ ವಾಪಸ್ ತರಲು ಯಾರು ಉಳಿದಿರುತ್ತಾರೆ?

ಅದೇ ಬೆಲೆಗೆ ಅಚ್ಚು ಇರುವ ಬೂದು ಚಕ್ರವೂ ಇತ್ತು. "ಅಪ್ಪಾ, ಅದು ಪಾತ್ರೆ ಮುಚ್ಚಳ ಇದ್ದ ಹಾಗಿದೆ," ಅಂದಳು. ಅವಳ ಮುಖ ನೋಡಿ ಕಪ್ಪಿಗೇ ಮುಂಗಡ ಕೊಟ್ಟೆ.

ಬೆಳಿಗ್ಗೆ ಹೋಗಿ ಬದಲಾಯಿಸುತ್ತೇನೆ. ಅವಳು ಮುಖ ಊದಿಸಿಕೊಳ್ಳಲಿ, ವಾರಗಟ್ಟಲೆ ಮಾತು ಬಿಡಲಿ. ಆ ಊದಿದ ಮುಖ ಹೊತ್ತುಕೊಂಡೇ ಅವಳು ದಿನಾ ಸಂಜೆ ಮನೆಗೆ ಬಂದರೆ ನನಗೆ ಅಷ್ಟೇ ಸಾಕು.