ಮೈಸೂರಿನ ರಾಹುಕಾಲ

೧೩ ಜೂನ್ ೨೦೨೪, ಗುರುವಾರ, ಫೇರ್‌ಫ್ಯಾಕ್ಸ್, ಅಮೆರಿಕ

ನನ್ನ ಇಂಟರ್‌ವ್ಯೂ ಕೈತಪ್ಪಿತು. ಮೂರು ಗಂಟೆಯವರೆಗೆ ರಾಹುಕಾಲವೆಂದು ನನ್ನ ಗಂಡ ಯತೀಶ್ ಕಾರಿನ ಕೀ ಜೇಬಿಗಿಳಿಸಿ ಸೋಫಾದ ಮೇಲೆ ಕೂತುಬಿಟ್ಟ. ಆಮೇಲೆ ಹೊರಟರೆ ಬೆಲ್ಟ್‌ವೇ ಹೆದ್ದಾರಿಯಲ್ಲಿ ಟ್ರಕ್ಕೊಂದು ಮಗುಚಿ, ಟ್ರಾಫಿಕ್ ನಿಂತೇಹೋಗಿತ್ತು.

"ನೋಡಿದ್ಯಾ? ಮೊದ್ಲೇ ಹೊರಟಿದ್ರೆ ನಾವೇ ಅದರಡಿ ಇರ್ತಿದ್ವಿ. ನಂಗೆ ಗೊತ್ತಿತ್ತು ಕಣೇ!"

ಗೊತ್ತಿತ್ತಂತೆ, ಇವನ ತಲೆ! ಗೋಡೆಯ ಕ್ಯಾಲೆಂಡರ್ ಮೈಸೂರಿನದು. ಇಲ್ಲಿನ ಸೂರ್ಯೋದಯ, ಸೂರ್ಯಾಸ್ತ ಹಿಡಿದು ಈಗ ಲೆಕ್ಕ ಹಾಕಿದೆ. ಇಲ್ಲಿ ರಾಹುಕಾಲ ಶುರುವಾದದ್ದೇ ಮೂರಕ್ಕೆ. ನಾವು ಹೊರಟದ್ದೇ ಅದರೊಳಗೆ, ಕೂದಲೂ ಕೊಂಕಲಿಲ್ಲ. ತಪ್ಪು ಲೆಕ್ಕ ಹಾಕಿ ಬಚಾವಾದರೆ ಅದನ್ನು ತಿಳಿವಳಿಕೆ ಅನ್ನಬೇಕೇ?

ಮಲಗಿದವನನ್ನು ಎಬ್ಬಿಸಿ ಮುಖಕ್ಕೇ ಹೇಳೋಣವೆಂದು ಎದ್ದವಳು ಮತ್ತೆ ಕೂತೆ. ಹೇಳಿದರೆ ನಾಳೆಯಿಂದ ಈ ಮನೆಗೆ ದಿನಕ್ಕೆರಡು ರಾಹುಕಾಲ.