ನಿಮ್ಮನೆಯವರಿಗೂ ಅದೇ ರೂಲು

ಜೂನ್ 3, ಸೋಮವಾರ

ಐದಕ್ಕೆ ಎದ್ದೆ. ನಲ್ಲಿ ಸಣ್ಣಗೆ ಬಿಟ್ಟು ಮುಖ ತೊಳೆದೆ — ಆರರ ಮೊದಲು ಸದ್ದು ಮಾಡುವ ಹಾಗಿಲ್ಲ, ರೂಲ್ ನಂಬರ್ ಎರಡು. ಫ್ರಿಜ್ ಬಾಗಿಲ ಮೇಲೆ ಹನ್ನೊಂದು ರೂಲುಗಳ ಹಾಳೆ. ಓನರಮ್ಮನ ಅಕ್ಷರ, ಮುತ್ತು ಪೋಣಿಸಿದ ಹಾಗೆ. ಡಬ್ಬಕ್ಕೆ ಹೆಸರು ಬರೆಯಿರಿ. ಬಚ್ಚಲಿನ ಕೂದಲು ತೆಗೆಯಿರಿ. ಹೊರಗಿನವರು ರಾತ್ರಿ ಉಳಿಯಕೂಡದು. ತಪ್ಪೇನಿಲ್ಲ. ನನಗೆ ರೂಲು ಇಷ್ಟ. ಮುಂದೇನು ಅಂತ ಯೋಚಿಸುವ ಗೋಜಿಲ್ಲ.

ಲಾಂಡ್ರಿಯಲ್ಲಿ ರಾಶಿ ಶರಟು. ಮೊದಲು ಕಾಲರ್, ಆಮೇಲೆ ಭುಜ, ತೋಳು, ಕೊನೆಗೆ ಬೆನ್ನು. ಇಸ್ತ್ರಿಪೆಟ್ಟಿಗೆ ತಾಗಿ ಕೈಯಲ್ಲಿ ಬೊಬ್ಬೆ ಎದ್ದಿತ್ತು. ಪಕ್ಕದ ಟೇಬಲಿನ ಅಣ್ಣ ಹೇಳಿದ ಮೇಲೆ ನೋಡಿದೆ. "ಏನ್ರೀ, ಕೈ ನಿಮ್ದೇ ತಾನೇ?" ಅಂದ. ನನ್ನದೇ.

ಅವರು ಹೋಗಿ ಇವತ್ತಿಗೆ ನಲವತ್ತನಾಲ್ಕು ದಿನ. ಬೇಕರಿಯಲ್ಲೇ, ಒಲೆಯ ಮುಂದೆ. ಎದೆ ಹಿಡಿದ ಹಾಗಿದೆ ಅಂದರಂತೆ, ಕೂತರಂತೆ. ಅಷ್ಟೇ. ಇನ್ನೂ ಅಳು ಬಂದಿಲ್ಲ.

ಜೂನ್ 5, ಬುಧವಾರ

ಈ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಬೇಕೆಂದು ಮುಚ್ಚಿಟ್ಟದ್ದಲ್ಲ. ರೂಮು ಕೇಳಲು ಬಂದ ದಿನ ಓನರಮ್ಮ ಫಾರಂ ಹಿಡಿದು ಕೂತಿದ್ದರು.

"ಮನೆಯವರಿಗೆ ಗೊತ್ತೇನಮ್ಮ, ನೀನಿಲ್ಲಿಗೆ ಬರ್ತಿರೋದು?"

ಕೇಳಿದ್ದು ಅಪ್ಪ, ಅಮ್ಮ, ಅಂಥವರ ಬಗ್ಗೆ. ನನಗೆ ಮನೆಯವರು ಅಂದರೆ ಒಬ್ಬರೇ. ಬಾಯಿ ತಾನಾಗಿ ಹೇಳಿಬಿಟ್ಟಿತು — "ಅವರು ಬೇಕರೀಲಿದಾರೆ. ಬೆಳಗಿನ ಪಾಳಿ."

"ಓ, ಮದುವೆ ಆಗಿದ್ಯಾ!" ಬರೆದುಕೊಂಡರು. "ನೋಡಮ್ಮ, ಇದು ಒಬ್ಬರ ರೂಮು. ನಿಮ್ಮನೆಯವರು ಹಗಲು ಬಂದು ಹೋಗ್ಲಿ, ಬೇಡ ಅನ್ನಲ್ಲ. ರಾತ್ರಿ ಉಳಿಯೋ ಹಾಗಿಲ್ಲ."

"ಉಳಿಯಲ್ಲ" ಅಂದೆ. ಅದಂತೂ ಸುಳ್ಳಲ್ಲ.

ಜೂನ್ 8, ಶನಿವಾರ

ಬಚ್ಚಲು ತೊಳೆಯುವ ಸರದಿ ನನ್ನದು. ತೊಳೆಯುತ್ತಿದ್ದೆ. ಪಕ್ಕದ ರೂಮಿನ ಟೀಚರ್ ಬಂದು ಬಾಗಿಲಲ್ಲಿ ನಿಂತು ಸುಮ್ಮನೆ ಕೆಮ್ಮಿದರು.

"ಒಂದ್ ಮಾತು, ಬೇಜಾರ್ ಮಾಡ್ಕೋಬೇಡಿ. ಬೆಳಗಿನ ಜಾವ ನಿಮ್ಮ ರೂಮಲ್ಲಿ... ಗಂಡಸಿನ ಧ್ವನಿ ಕೇಳ್ಸತ್ತೆ."

"ಅಲಾರಂ" ಅಂದೆ.

"ಅಲಾರಂ ಜೊತೆ ಯಾರಾದ್ರೂ ಮಾತಾಡ್ತಾರೇನ್ರೀ? ನೀವು ಉತ್ತರ ಕೊಡ್ತೀರಲ್ಲ!"

ಉತ್ತರ ಕೊಡುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ.

ಟೀಚರ್ ಕೆಟ್ಟವರಲ್ಲ. ಪೇಪರ್ ತಿದ್ದಿ ಮಲಗುವುದು ತಡ. ದಿನಾ ಐದಕ್ಕೆ ನಿದ್ದೆ ಕೆಟ್ಟರೆ ಯಾರಿಗಾದರೂ ತಲೆ ಕೆಡುತ್ತದೆ. ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತಿದ್ದೀರಲ್ಲ, ಚಳಿ ಆಗಲ್ವಾ ಅಂತಲೂ ಕೇಳಿದರು. ಆಗಲ್ಲ.

ಜೂನ್ 9, ಭಾನುವಾರ, ಬೆಳಿಗ್ಗೆ 5:15

ಅವರು ಹೊರಡುತ್ತಿದ್ದದ್ದು ಮೂರೂವರೆಗೆ. ನಾನು ಆರರ ಬಸ್ಸು ದಿನಾ ತಪ್ಪಿಸಿಕೊಳ್ಳುತ್ತಿದ್ದೆ. ಕುಂಭಕರ್ಣನ ತಂಗಿ ಕಣೇ ನೀನು ಅನ್ನೋರು. ಹಾಗಾದ್ರೆ ನಾನು ಶೂರ್ಪನಖಿನಾ ಅಂತ ಒಂದು ದಿನ ಮಾತು ಬಿಟ್ಟಿದ್ದೆ. ಮಾರನೇ ಬೆಳಿಗ್ಗೆ ಫೋನಿನ ಅಲಾರಂನಲ್ಲಿ ಗಂಟೆಯ ಬದಲು ಅವರು ರೆಕಾರ್ಡ್ ಮಾಡಿಟ್ಟ ಧ್ವನಿ —

"ಏಳೇ, ಐದಾಯ್ತು. ಎದ್ದೆ ಅಂತ ಸುಳ್ಳು ಹೇಳ್ಬೇಡ. ಕಾಲು ಕೆಳಗಿಡು." ಸ್ವಲ್ಪ ಬಿಟ್ಟು — "ಇಟ್ಯಾ?"

ಈಗ ಲಾಂಡ್ರಿ ಎರಡು ಬೀದಿ ಆಚೆ. ಎಂಟಕ್ಕೆ ಹೋದರೆ ಸಾಕು. ಐದಕ್ಕೆ ಏಳುವ ದರ್ದು ಇಲ್ಲ. ಆದರೂ ಬದಲಾಯಿಸಿಲ್ಲ. ಅವರು ಹೇಳಿದ್ದು ಐದಕ್ಕಲ್ಲವಾ.

ಇವತ್ತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಾದೆ. "ಇಟ್ಯಾ?" ಅಂದರು. "ಇಟ್ಟೆ ರೀ" ಅಂದುಬಿಟ್ಟೆ. ಆ ಕಡೆಯಿಂದ ಗೋಡೆಗೆ ಒಂದು ಗುದ್ದು.

ಜೂನ್ 22, ಶನಿವಾರ

ಬಾಗಿಲ ಕೆಳಗೆ ಚೀಟಿ. ಅದೇ ಮುತ್ತಿನಂಥ ಅಕ್ಷರ. ನಾಳೆ ಹತ್ತಕ್ಕೆ ರೂಮು ನೋಡಲು ಬರುತ್ತೇನೆ. ಯಾರೋ ರಾತ್ರಿ ಉಳಿಯುತ್ತಿರುವುದು ನಿಜವಾದರೆ ತಿಂಗಳ ಕೊನೆಗೆ ಖಾಲಿ ಮಾಡಬೇಕು.

ರೂಲ್ ಒಂಬತ್ತು — ಒಂದು ದಿನ ಮೊದಲು ತಿಳಿಸದೆ ಓನರ್ ಯಾರ ರೂಮಿಗೂ ಬರುವುದಿಲ್ಲ. ತಮಗೂ ಒಂದು ಹಾಕಿಕೊಂಡಿದ್ದಾರೆ, ಅದರಂತೆ ನಡೆಯುತ್ತಾರೆ. ಕೋಪ ಮಾಡಿಕೊಳ್ಳೋಣ ಅಂದರೆ ಅದಕ್ಕೂ ದಾರಿ ಇಲ್ಲ.

ಎಲ್ಲಿಗೆ ಹೋಗಲಿ? ಹಳೇ ಮನೆಯಲ್ಲಿ ಅವರ ಟವೆಲಿನ ಮೊಳೆ ನೋಡಲಾಗದೇ ಬಂದವಳು. ಅಕ್ಕನ ಮನೆಯಲ್ಲಿ ಕೂತರೂ ಪಾಪ, ನಿಂತರೂ ಪಾಪ. ಇಲ್ಲಿ ಯಾರೂ ಪಾಪ ಅನ್ನುವುದಿಲ್ಲ. ಬಚ್ಚಲು ತೊಳೆದ್ರಾ ಅನ್ನುತ್ತಾರೆ. ಈ ರೂಮು ಬೇಕು ನನಗೆ.

ಒಂದು ಮಾತು ಹೇಳಿದರೆ ಉಳಿಯುತ್ತದೆ. ನಮ್ಮನೆಯವರು ತೀರಿಕೊಂಡರು. ಎರಡೇ ಪದ. ಇದುವರೆಗೆ ಬಾಯಿಬಿಟ್ಟು ಯಾರಿಗೂ ಹೇಳಿಲ್ಲ, ಎಲ್ಲರಿಗೂ ಅಕ್ಕನೇ ಫೋನ್ ಮಾಡಿದ್ದು. ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ಮೊದಲನೇ ಪದ ಬಂತು.

ಜೂನ್ 23, ಭಾನುವಾರ

ಹತ್ತು ಅಂದರೆ ಹತ್ತು. ಬಾಗಿಲು ತಟ್ಟಿ "ಬರ್ಲೇನಮ್ಮ?" ಅಂದರು. ಹಿಂದೆ ಟೀಚರ್, ತಲೆ ತಗ್ಗಿಸಿಕೊಂಡು.

ಓನರಮ್ಮ ಮಂಚದ ಕೆಳಗೆ ಬಗ್ಗಿ ನೋಡಿದರು. ಸೊಂಟ ಹಿಡಿದುಕೊಂಡಿತು. ನಾನೇ ಕೈಕೊಟ್ಟು ಎಬ್ಬಿಸಿದೆ. ಒಂದು ದಿಂಬು, ಒಂದು ಟವೆಲು, ಒಂದು ಲೋಟ.

"ನಿಜ ಹೇಳಮ್ಮ. ನಿಮ್ಮನೆಯವರು ಇಲ್ಲಿಗೆ ಬರ್ತಾರೋ ಇಲ್ವೋ?"

"ನಮ್ಮನೆಯವರು..."

ಅಲ್ಲಿಗೇ ನಿಂತಿತು. ಫೋನ್ ತೆಗೆದು ಒತ್ತಿದೆ. ಏಳೇ, ಐದಾಯ್ತು. ಎದ್ದೆ ಅಂತ ಸುಳ್ಳು ಹೇಳ್ಬೇಡ. ಕಾಲು ಕೆಳಗಿಡು. ಇಟ್ಯಾ?

"ಇವರೇ" ಅಂದೆ. "ಏಪ್ರಿಲ್‌ನಲ್ಲಿ ಹೋದ್ರು."

"ಎಲ್ಲಿಗೆ?" ಅಂದರು ಓನರಮ್ಮ. ಟೀಚರ್ ಅವರ ತೋಳು ಹಿಡಿದರು. ಆಗ ಗೊತ್ತಾಯಿತು ಅವರಿಗೆ, ನಾಲಿಗೆ ಕಚ್ಚಿಕೊಂಡರು.

ಮಂಚದ ಮೇಲೆ ಕೂತೇಬಿಟ್ಟರು. ಪಾಪ ಅನ್ನುತ್ತಾರೇನೋ ಅಂತ ಹೆದರಿದೆ. ಅನ್ನಲಿಲ್ಲ. ಕಣ್ಣೊರೆಸಿಕೊಂಡು —

"ರೂಮು ನಿಂದೇ. ಯಾರೂ ಬಿಡಿಸಲ್ಲ. ಆದ್ರೆ ಆರರ ಮೊದ್ಲು ಸದ್ದು ಬೇಡಮ್ಮ. ಎಲ್ರಿಗೂ ಹೇಳೋದೇ. ನಿಮ್ಮನೆಯವರಿಗೂ ಅದೇ ರೂಲು."

"ಹೇಳ್ತೀನಿ" ಅಂದೆ.

ಜೂನ್ 24, ಸೋಮವಾರ, ಬೆಳಿಗ್ಗೆ 6:10

ಅಲಾರಂ ಆರಕ್ಕೆ ಇಟ್ಟಿದ್ದೆ. ಐದರಿಂದ ಎಚ್ಚರವಾಗಿಯೇ ಬಿದ್ದುಕೊಂಡಿದ್ದೆ. ಆರಕ್ಕೆ ಸರಿಯಾಗಿ — "ಏಳೇ, ಐದಾಯ್ತು."

ಆರಾಯ್ತು ರೀ. ಟೈಮಿನ ವಿಷಯದಲ್ಲಿ ಒಂದು ದಿನ ತಪ್ಪಿದವರಲ್ಲ ಅವರು. ಇವತ್ತು ತಪ್ಪಿದರು. ನಾನೇ ತಪ್ಪಿಸಿದ್ದು.

"ಇಟ್ಯಾ?"

ಇಷ್ಟು ದಿನ ಬೇಡವೆಂದರೂ ಬರುತ್ತಿದ್ದ ಉತ್ತರ, ಇವತ್ತು ಇಲ್ಲ. ಸುಮ್ಮನೆ ಸೂರು ನೋಡುತ್ತಿದ್ದೆ. ಗೋಡೆಯ ಆಚೆಯಿಂದ ಟೀಚರ್, ನಿದ್ದೆಗಣ್ಣಿನ ಧ್ವನಿ — "ಇಟ್ರೋ ಇಲ್ವೋ? ಹೇಳ್ರೀ... ಪಾಪ, ಕೇಳ್ತಿದಾರಲ್ಲ!"

ಕಾಲು ಕೆಳಗಿಟ್ಟೆ. ನೆಲ ತಣ್ಣಗಿತ್ತು. ಇಷ್ಟು ದಿನವೂ ತಣ್ಣಗೇ ಇತ್ತೇನೋ. ನನಗೆ ಗೊತ್ತಾದದ್ದು ಇವತ್ತು.