ಎಲ್ಲರ ಹೊಲಕ್ಕೆ ಒಬ್ಬರ ಹೆಸರು

ಭೂ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಮುತ್ತಾತನ ಕಾಲದಿಂದ ನಾವು ಅಗೆದು ತಿಂದ ಹೊಲವನ್ನು, ಅಲ್ಲಿ ಒಂದು ಹೆಗ್ಗೆಣಸನ್ನೂ ನೆಡದ ಮನುಷ್ಯ ಮಾರಿದ್ದಾನೆ. ಕಾನೂನಿನ ಪ್ರಕಾರ ಅದು ಅವನದೇ. ಹಾಗಾಗುವಂತೆ ಮಾಡಿದ್ದು ನಿಮ್ಮ ಕಚೇರಿ. ಇನ್ನು ನಿಮ್ಮ ಮೊಹರು ಬೀಳುವುದೊಂದು ಬಾಕಿ. ಅದಕ್ಕೇ ಈ ಪತ್ರ.

ಜಮೈಕಾದ ಗುಡ್ಡಗಳಲ್ಲಿ ಕುಟುಂಬದ ನೆಲವೆಂದರೇನೆಂದು ನಿಮಗೆ ವಿವರಿಸಬೇಕೆ? ಗುಲಾಮಗಿರಿಯಿಂದ ಬಿಡುಗಡೆಯಾದವರು ಕೊಂಡ ತುಂಡು. ಅವರ ಸಂತತಿಗೆಲ್ಲ ಸೇರಿದ್ದು. ಮಾರುವ ಹಕ್ಕು ಒಬ್ಬರಿಗೂ ಇಲ್ಲ. ಮೂರು ವರ್ಷದ ಹಿಂದೆ ನಿಮ್ಮ ಅಧಿಕಾರಿ ಹಕ್ಕುಪತ್ರದ ಯೋಜನೆ ಹೊತ್ತು ನಮ್ಮ ಚರ್ಚಿನ ಸಭಾಂಗಣಕ್ಕೆ ಬಂದು, "ಒಬ್ಬರ ಹೆಸರು ಹೇಳಿ. ಹತ್ತು ಜನರ ನೆಲ ನಂಬಿ ಯಾವ ಬ್ಯಾಂಕು ಸಾಲ ಕೊಡುತ್ತೆ?" ಎಂದರು.

"ಹತ್ತು ಅಂತ ಯಾರಪ್ಪಾ ಹೇಳಿದ್ದು? ಸತ್ತೋರನ್ನ ಬಿಟ್ಟೇ ಅರವತ್ತಿದ್ದೀವಿ," ಎಂದಳು ನನ್ನ ದೊಡ್ಡಮ್ಮ ಐಸಿಲ್ಡಾ. ಸಭೆಯೆಲ್ಲ ನಕ್ಕಿತು. "ನನ್ನ ಹೆಸರೇ ಬರ್ಕೋ ಮಗಾ. ನಾನೇನು ಹೊತ್ಕೊಂಡು ಹೋಗ್ತೀನಾ?"

ನಾವೆಲ್ಲ ಸಹಿ ಹಾಕಿದೆವು. ಮನೆಯ ಹಿರಿಯರು ನೆಲ ನೋಡಿಕೊಳ್ಳುವುದು ನಮ್ಮ ರೂಢಿ. ಚರ್ಚಿನ ಬೀಗದ ಕೈ ಇಟ್ಟುಕೊಂಡವರಿಗೆ ಚರ್ಚು ಸೇರುತ್ತದೆಯೇ?

ಎಲ್ಲರದ್ದೆಂದರೆ ಯಾರದ್ದೂ ಅಲ್ಲ ಎಂಬ ನಿಮ್ಮ ವಾದದಲ್ಲಿ ಅರ್ಧ ಸತ್ಯವಿದೆಯೆಂದು ಒಪ್ಪುತ್ತೇನೆ. ಎಲ್ಲರ ಹೊಲದಲ್ಲಿ ಮಾವು ಕೀಳಲು ಎಲ್ಲರೂ ಬರುತ್ತಾರೆ, ಬೇಲಿ ಕಟ್ಟಲು ಯಾರೂ ಇಲ್ಲ. ಲಂಡನ್ನಿನ ನನ್ನ ಸೋದರಮಾವ ರಜೆಗೆ ಬಂದು ಮರದಿಂದ ಜೀಗುಜ್ಜೆ ಕಾಯಿ ಕಿತ್ತು ಸುಟ್ಟು ತಿಂದು ಹೋಗುತ್ತಾನೆ. ಗುದ್ದಲಿ ಎಲ್ಲಿದೆಯೆಂದೂ ಅವನಿಗೆ ತಿಳಿಯದು. ಇಂಥ ಕಡೆ ದುಡಿಯುವವರಿಗೆ ಅನ್ಯಾಯವಾಗುತ್ತದಲ್ಲವೇ ಎಂದು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆದರೆ ಹೋಟೆಲು ಮುಚ್ಚಿ ಕೆಲಸ ಹೋದಾಗ ನನ್ನ ತಮ್ಮ, ಮಗಳು ಟಮೋಯಾಳ ಕೈಹಿಡಿದು ಬಂದದ್ದು ಈ ನೆಲಕ್ಕೇ. ಬಾಡಿಗೆ ಎಷ್ಟು ಕೊಡುತ್ತೀ ಎಂದು ಯಾರೂ ಕೇಳಲಿಲ್ಲ. ಆ ಲಾಭವನ್ನು ನಿಮ್ಮ ಅರ್ಥಶಾಸ್ತ್ರ ಯಾವ ಅಂಕಣದಲ್ಲಿ ಬರೆಯುತ್ತದೆ?

ಈಗ ಅಲ್ಲಿ ಬೇಸಾಯ ಮಾಡುವವಳು ಟಮೋಯಾ. "ಅಜ್ಜೀ, ಒಂದು ಉಯಿಲು ಬರೆದಿಡು," ಎಂದು ಅವಳು ಹೇಳಿಯೂ ಇದ್ದಳು.

"ಬಾಯ್ಮುಚ್ಚೇ! ನಂದಲ್ಲದ್ದನ್ನ ನಾನು ಹಂಚಿದ್ರೆ ಕಳ್ಳತನ ಆಗಲ್ವಾ?"

ಹೋದ ವರ್ಷ ದೊಡ್ಡಮ್ಮ ಆ ಪ್ರಾಮಾಣಿಕತೆಯಲ್ಲೇ ತೀರಿಕೊಂಡಳು. ಉಯಿಲಿಲ್ಲ, ಮಕ್ಕಳಿಲ್ಲ; ಹಾಗಾಗಿ ಎಲ್ಲವೂ ಗಂಡನಿಗೆ. ಮದುವೆಯಾದ ಎರಡನೇ ವರ್ಷವೇ ಕಿಂಗ್‌ಸ್ಟನ್ನಿಗೆ ಹೋಗಿ ತಿರುಗಿ ನೋಡದ ವಿಂಡೆಲ್! ವಿಚ್ಛೇದನಕ್ಕೆಂದು ತಾನು ವಕೀಲರ ಮೆಟ್ಟಿಲು ಹತ್ತುವಷ್ಟು ಯೋಗ್ಯತೆಯೂ ಅವನಿಗಿಲ್ಲವೆಂದು ದೊಡ್ಡಮ್ಮ ಸುಮ್ಮನಿದ್ದುಬಿಟ್ಟಿದ್ದಳು. ಅವಳು ಸತ್ತಾಗ ನಮ್ಮ ಪದ್ಧತಿಯಂತೆ ಒಂಬತ್ತು ರಾತ್ರಿ ಊರೇ ಬಂದು ಕೂತಿತು; ಅವನು ಬರಲಿಲ್ಲ. ತಿಂಗಳುಗಳ ನಂತರ ಬಂದದ್ದು ಅವನಿಂದ ನೆಲ ಕೊಂಡ, ವಿಲ್ಲಾ ಕಟ್ಟುವ ಕಂಪನಿಯ ಮನುಷ್ಯ.

"ನೀನೇನೂ ಹೋಗ್ಬೇಕಿಲ್ಲ ತಂಗೀ. ಹುಲ್ಲುಹಾಸು ನೋಡ್ಕೊಳ್ಳೋಕೆ ನಮಗೂ ಜನ ಬೇಕು," ಎಂದ ಟಮೋಯಾಗೆ.

"ನೋಡ್ಕೋತೀನಿ ಬಿಡಣ್ಣಾ. ನಮ್ಮ ತಾತಂದಿರ ಗೋರಿ ಮೇಲೆ ನಿಮ್ಮ ಈಜುಕೊಳ ಬರುತ್ತಲ್ಲ, ಅದಕ್ಕೂ ನಾನೇ ಕಾವಲಿರ್ಲಾ?"

ಪಾಪ, ಅವನಿಗೆ ಕೊಂಕು ತಿಳಿಯಲಿಲ್ಲ. ಸಂಬಳ ವಿಚಾರಿಸಿ ಹೇಳುತ್ತೇನೆಂದು ಹೋದ.

ಯುವಕರು ಬೇಸಾಯದಲ್ಲಿ ಉಳಿಯಲೆಂದೇ ಈ ಯೋಜನೆ ಎಂದಿರಿ. ಉಳಿದಿರುವ ಒಬ್ಬಳನ್ನು ಹೊರಗಟ್ಟುವುದೂ ಯೋಜನೆಯ ಭಾಗವೇ? ಈ ಮಾರಾಟವನ್ನು ನೋಂದಾಯಿಸಬೇಡಿ. ಕುಟುಂಬದ ಮಾತನ್ನು ಕೇಳಿ. ಮಾಲೀಕರ ಹೆಸರಿನ ಜಾಗದಲ್ಲಿ ಒಂದು ಕುಟುಂಬವನ್ನು ಬರೆಯಲು ದಾರಿ ಮಾಡಿ. ಆಗದೆಂದರೆ, ಮುಂದಿನ ಊರಿನ ಸಭೆಯಲ್ಲಾದರೂ ನಿಜ ಹೇಳಿ: ಒಬ್ಬರ ಹೆಸರು ಕೊಡಿ, ಉಳಿದವರನ್ನು ನಾವು ಹೊರಹಾಕುತ್ತೇವೆ ಎಂದು.

ಟಮೋಯಾ ಈ ವಾರ ಹೆಗ್ಗೆಣಸಿಗೆ ಮಣ್ಣಿನ ದಿಬ್ಬ ಏರಿಸುತ್ತಿದ್ದಾಳೆ. ಫಸಲಿಗೆ ಒಂಬತ್ತು ತಿಂಗಳು ಬೇಕು. ಅಗೆಯುವವರು ಯಾರೆಂದು ಅವಳಿಗೆ ನೀವೇ ಹೇಳಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಈ ನೆಲಕ್ಕೆ ಸಂಬಂಧವೇ ಇಲ್ಲದ,
ಆ ಮನೆಯ ಮಗಳು